ಹಳೆಯ ಲೈನಿನ ದಾರಿ: ಕಾರವಾರ-ಅಂಕೋಲೆಯ ವಿದ್ಯುತ್ ಮಾರ್ಗಗಳ ಮರುನಿರ್ಮಾಣ ಮತ್ತು ಪರಿಸರ ಪರಿಶೀಲನೆ



ಜೋಯಿಡಾದ ಡಿಗ್ಗಿಯ ಬಳಿ ಹುಟ್ಟಿ ಸದಾಶಿವಗಡದ ಬುಡದಲ್ಲಿ ಸಮುದ್ರ ಸೇರುವವರೆಗೆ ಕಾಳಿ ನದಿಯ ಉದ್ದ ಸುಮಾರು 184 ಕಿಲೋಮೀಟರ್. ಅಷ್ಟರೊಳಗೆ ಅದು ಸೂಪಾದಲ್ಲಿ 100 ಮೆಗಾವ್ಯಾಟ್, ನಾಗಝರಿಯಲ್ಲಿ ಸುಮಾರು 900, ಕೊಡಸಳ್ಳಿಯಲ್ಲಿ 120, ಕದ್ರಾದಲ್ಲಿ 150 ಮೆಗಾವ್ಯಾಟ್ ವಿದ್ಯುತ್ ಕೊಡುತ್ತದೆ. ಕದ್ರಾ ಜಲಾಶಯದ ನೀರಿನಿಂದಲೇ ತಣ್ಣಗಾಗುವ ಕೈಗಾ ಅಣುಸ್ಥಾವರದ ನಾಲ್ಕು ಘಟಕಗಳು ಸೇರಿದರೆ ಇನ್ನೊಂದು 880. ಒಂದು ಕಣಿವೆಯಿಂದ 2 ಸಾವಿರ ಮೆಗಾವ್ಯಾಟಿಗೂ ಹೆಚ್ಚು. ಅಣೆಕಟ್ಟುಗಳ ಬಗ್ಗೆ, ಅಣುಸ್ಥಾವರದ ಬಗ್ಗೆ ಈ ಜಿಲ್ಲೆ ನಾಲ್ಕು ದಶಕ ಮಾತಾಡಿದೆ, ಜಗಳವಾಡಿದೆ, ಮೆರವಣಿಗೆ ಹೋಗಿದೆ. ಹುಟ್ಟಿದ ವಿದ್ಯುತ್ತು ಕಣಿವೆ ಬಿಟ್ಟು ಹೊರಗೆ ಹೋಗುವ ದಾರಿಯ ಬಗ್ಗೆ ಮಾತ್ರ ನಾವು ಮಾತಾಡಿದ್ದು ಬಹಳ ಕಡಿಮೆ. ಇಂದು ಆ ದಾರಿಯ ಬಗ್ಗೆಯೇ ಮಾತಾಡುತ್ತೇನೆ; ಅದರಲ್ಲೂ ಆ ದಾರಿ ಹಳೆಯದಾಗಿ ಮತ್ತೆ ಕಟ್ಟುವ ಹೊತ್ತು ಬಂದಾಗ ನಾವು ಏನು ಕೇಳಬೇಕು ಎಂಬುದರ ಬಗ್ಗೆ.

ವಿದ್ಯುತ್ ಪ್ರಸರಣ ಲೈನಿನ ಉಪಯುಕ್ತ ಆಯುಷ್ಯವನ್ನು ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ 35 ವರ್ಷ ಎಂದು ಹಿಡಿಯುತ್ತದೆ. ನಾಗಝರಿಯ ಯಂತ್ರಗಳು ತಿರುಗಲು ಶುರುವಾದದ್ದು 1970ರ ದಶಕದ ಕೊನೆಯಲ್ಲಿ. ಅವುಗಳ ಜೊತೆಗೆ ಬಂದ ಲೈನುಗಳು ಈ ಲೆಕ್ಕದ ಆಯುಷ್ಯವನ್ನು ಮುಗಿಸಿಯಾಗಿದೆ. ಕೈಗಾದ ಮೊದಲೆರಡು ಘಟಕಗಳು ವಾಣಿಜ್ಯ ಉತ್ಪಾದನೆಗೆ ತೆರೆದುಕೊಂಡದ್ದು 2000ದಲ್ಲಿ; ಅಲ್ಲಿಂದ ಶಿರಸಿಯ ಕಡೆಗೆ ಹೊರಟ 400 ಕಿಲೋವೋಲ್ಟ್ ಲೈನು ಈಗ ನಡುವಯಸ್ಸು ದಾಟಿದೆ. ಆಯೋಗದ ಲೆಕ್ಕ ದರ ನಿಗದಿಗಾಗಿ ಮಾಡಿದ್ದು, ನಿಜ. 35 ತುಂಬಿದ ದಿನವೇ ಟವರು ಬೀಳುವುದಿಲ್ಲ. ಆದರೆ ನಮ್ಮ ಕರಾವಳಿಯ ಹವೆ ಕಬ್ಬಿಣಕ್ಕೆ ಬಯಲುಸೀಮೆಯಷ್ಟು ಕರುಣೆ ತೋರಿಸುವುದಿಲ್ಲ. ಅಲ್ಯೂಮಿನಿಯಂ ಎಳೆಗಳ ಒಳಗೆ ಉಕ್ಕಿನ ಎಳೆ ಇಟ್ಟು ಹೊಸೆದ ತಂತಿಯನ್ನೇ ನಮ್ಮಲ್ಲಿ ಹೆಚ್ಚಾಗಿ ಬಳಸಿದ್ದಾರೆ. ಉಪ್ಪುಗಾಳಿ ಆ ಎಳೆಗಳ ಸಂದಿನಲ್ಲಿ ಇಳಿದು ಒಳಗಿನ ಉಕ್ಕನ್ನು ತಿನ್ನುತ್ತದೆ; ಹೊರಗಿನಿಂದ ನೋಡಿದವರಿಗೆ ತಂತಿ ಹೊಳೆಯುತ್ತಲೇ ಇರುತ್ತದೆ. ಬೇಸಗೆಯುದ್ದಕ್ಕೂ ಪಿಂಗಾಣಿ ಇನ್ಸುಲೇಟರುಗಳ ಮೇಲೆ ಕೂತ ಉಪ್ಪು, ಮೊದಲ ತುಂತುರು ಬಿದ್ದಾಗ ಒದ್ದೆಯಾಗಿ ವಿದ್ಯುತ್ತಿಗೆ ದಾರಿ ಮಾಡಿಕೊಡುತ್ತದೆ. ಮೇ ತಿಂಗಳ ಕೊನೆಯಲ್ಲಿ ಹಾರವಾಡದಿಂದ ಬೇಲೇಕೇರಿಯವರೆಗೆ, ಮಳೆ ಇನ್ನೂ ಸರಿಯಾಗಿ ಹಿಡಿಯುವ ಮೊದಲೇ ಕರೆಂಟು ಹೋಗುವುದಕ್ಕೆ ಇದೂ ಒಂದು ಕಾರಣ. ಕಂಬಳಿಕೊಪ್ಪೆ ಹೊದ್ದ ಮಂದಿ ಗದ್ದೆಗಿಳಿಯುವ ಹೊತ್ತಿಗೆ ಹೆಸ್ಕಾಂನ ಲೈನ್‌ಮನ್‌ಗಳು ಗುಡ್ಡದ ಮೇಲೆ ಜಂಗಲ್ ಕಟಿಂಗ್ ಮಾಡುತ್ತಿರುತ್ತಾರೆ, ಜೀವ ಕೈಯಲ್ಲಿ ಹಿಡಿದು ಕಂಬ ಹತ್ತುತ್ತಿರುತ್ತಾರೆ. ಮರುನಿರ್ಮಾಣ ಬೇಡ ಎನ್ನುವವನು ಅವರ ಮುಖ ನೋಡಿ ಹೇಳಲಿ. ನಾನು ಬೇಡ ಎನ್ನಲು ಬಂದಿಲ್ಲ.

ಹಳೆಯ ತಂತಿಯನ್ನು ಹಾಗೇ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ 2018ರ ನವೆಂಬರಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಡೆದದ್ದೇ ಸಾಕ್ಷಿ. ಪಿಜಿ ಆಂಡ್ ಇ ಕಂಪನಿಯ ಕ್ಯಾರಿಬೂ-ಪಾಲೆರ್ಮೊ ಲೈನು 1921ರಷ್ಟು ಹಳೆಯದು. ಇನ್ಸುಲೇಟರು ತೂಗುಹಾಕಿದ್ದ ಒಂದು ಕಬ್ಬಿಣದ ಕೊಕ್ಕೆ ಸುಮಾರು ಒಂದು ಶತಮಾನ ಗಾಳಿಗೆ ಓಲಾಡಿ ಓಲಾಡಿ ಸವೆದು ಮುರಿಯಿತು. ತಂತಿ ಟವರಿಗೆ ತಾಗಿ ಕಿಡಿ ಹಾರಿತು. ಪ್ಯಾರಡೈಸ್ ಎಂಬ ಊರು ಸುಟ್ಟುಹೋಯಿತು. 85 ಜನ ಸತ್ತರು. ಕೈಯಲ್ಲಿ ಹಿಡಿಯುವಷ್ಟು ದೊಡ್ಡ ಒಂದು ಕೊಕ್ಕೆಯನ್ನು ಕಾಲಕ್ಕೆ ಬದಲಿಸದೇ ಇದ್ದದ್ದರ ಫಲ ಇದು. ಹಾಗಾಗಿ ಹಳೆಯ ಲೈನನ್ನು ಕಿತ್ತು ಹೊಸದು ಹಾಕುವುದೇ ಒಂದು ಪರಿಸರ ಕಾರ್ಯ. ನಮ್ಮ ಪರಿಸರ ಹೋರಾಟಗಾರರು ಈ ಮಾತನ್ನು ಧೈರ್ಯವಾಗಿ ಹೇಳುವುದು ಕಲಿಯಬೇಕು.

ಅದೇ ಅಮೆರಿಕದಲ್ಲಿ 1969ರ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆಯ ಪ್ರಕಾರ ಒಕ್ಕೂಟ ಸರ್ಕಾರದ ಯಾವುದೇ ದೊಡ್ಡ ತೀರ್ಮಾನಕ್ಕೂ ಪರಿಸರ ಪರಿಶೀಲನೆ ಬೇಕು. ಇದ್ದ ಲೈನನ್ನು ಮತ್ತೆ ಕಟ್ಟುವ ಕೆಲಸ ಸುಮಾರು 20 ಮೈಲಿಯೊಳಗಿದ್ದರೆ ವಿಸ್ತೃತ ಅಧ್ಯಯನದಿಂದ ವಿನಾಯಿತಿ ಇತ್ತು. 2024ರ ಏಪ್ರಿಲಿನಲ್ಲಿ ಅಲ್ಲಿನ ಇಂಧನ ಇಲಾಖೆ ಆ 20 ಮೈಲಿಯ ಮಿತಿಯನ್ನೇ ತೆಗೆದುಹಾಕಿತು. ಹಳೆಯ ಜಾಗದಲ್ಲೇ ಕಟ್ಟುವುದಾದರೆ ಹಾನಿ ಕಡಿಮೆ, ವಿಳಂಬ ಬೇಡ ಎಂಬುದು ಅದರ ತರ್ಕ. ಆದರೂ ವಿನಾಯಿತಿ ಅಂದರೆ ಕಣ್ಣುಮುಚ್ಚುವುದಲ್ಲ. ಅಳಿವಿನಂಚಿನ ಜೀವಿ, ಜೌಗು, ಪುರಾತನ ಸ್ಥಳ ಇವುಗಳ ಮೇಲೆ ಗಂಭೀರ ಪರಿಣಾಮ ಇದ್ದರೆ ವಿನಾಯಿತಿ ಸಿಗುವುದಿಲ್ಲ ಎಂಬ ಷರತ್ತು ಅದರ ಜೊತೆಗೇ ಇದೆ. ಅಂದರೆ ಅಲ್ಲಿ ಮೊದಲು ಪರಿಶೀಲನೆ ಎಂಬ ಬಾಗಿಲಿದೆ, ಆಮೇಲೆ ವಿನಾಯಿತಿ ಎಂಬ ಕಿಟಕಿ.

ನಮ್ಮಲ್ಲಿ ಬಾಗಿಲೇ ಇಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯನ್ನು ತೆಗೆದು ನೋಡಿ. ಅಣುಸ್ಥಾವರ ಇದೆ, ಜಲವಿದ್ಯುತ್ ಇದೆ, ಉಷ್ಣಸ್ಥಾವರ ಇದೆ, ಬಂದರು ಇದೆ. ವಿದ್ಯುತ್ ಪ್ರಸರಣ ಲೈನು ಇಲ್ಲ. ಆದ್ದರಿಂದ ಲೈನು ಹೊಸದಾಗಿರಲಿ, ಹಳೆಯದರ ಮರುನಿರ್ಮಾಣವಾಗಿರಲಿ, ಅದಕ್ಕೆ ಪರಿಸರ ಅನುಮತಿ ಬೇಕಿಲ್ಲ. ಸಾರ್ವಜನಿಕ ವಿಚಾರಣೆಯೂ ಇಲ್ಲ. ಕೈಗಾದ 5 ಮತ್ತು 6ನೇ ಘಟಕಗಳಿಗೆ 2018ರ ಡಿಸೆಂಬರ್ 15ರಂದು ಮಲ್ಲಾಪುರದಲ್ಲಿ ವಿಚಾರಣೆ ನಡೆಯಿತು. ನಮ್ಮ ಜನ ಹೋಗಿ ಮಾತಾಡಿದರು. ಕೇಣಿ ಬಂದರಿಗೆ 2025ರ ಆಗಸ್ಟಿನಲ್ಲಿ ಅಂಕೋಲೆಯಲ್ಲಿ ನಡೆಯಿತು. ಮೀನುಗಾರ ಹೆಂಗಸರು ಗಂಡಸರು ಕಿಕ್ಕಿರಿದು ಬಂದರು. ತಲೆಯ ಮೇಲೆ ಹಾಯುವ ಲೈನಿನ ಬಗ್ಗೆ ಅಂಥದೊಂದು ಪೆಂಡಾಲು ಯಾವ ಊರಿನಲ್ಲೂ ಏಳುವುದಿಲ್ಲ.

ಖಾಸಗಿ ಜಮೀನಿನ ಕಥೆ ಇನ್ನೂ ಹಳೆಯದು. 2003ರ ವಿದ್ಯುತ್ ಕಾಯ್ದೆಯ 164ನೇ ಕಲಮು, ಲೈನು ಹಾಕುವ ಸಂಸ್ಥೆಗೆ 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರಗಳನ್ನು ಕೊಡಿಸಲು ಅವಕಾಶ ಮಾಡುತ್ತದೆ. ತಂತಿ ಸಂದೇಶಕ್ಕಾಗಿ ಬ್ರಿಟಿಷರು ಮಾಡಿದ ಕಾನೂನು ಅದು. ಅದರ ಪ್ರಕಾರ ಜಮೀನು ಸ್ವಾಧೀನ ಮಾಡಿಕೊಳ್ಳಬೇಕಾಗಿಲ್ಲ. ಟವರು ನಿಲ್ಲಿಸಿ ಪರಿಹಾರ ಕೊಟ್ಟರಾಯಿತು. ಅಡ್ಡಿ ಬಂದರೆ ಜಿಲ್ಲಾಧಿಕಾರಿಯ ಆದೇಶ. ಪರಿಹಾರದ ಮೊತ್ತ ಸುಧಾರಿಸಿದೆ, ಅದನ್ನು ಒಪ್ಪೋಣ: 2015ರ ಕೇಂದ್ರ ಮಾರ್ಗಸೂಚಿಯಲ್ಲಿ ಟವರಿನ ಬುಡಕ್ಕೆ ಜಮೀನಿನ ಬೆಲೆಯ ಶೇ 85 ಇದ್ದದ್ದು 2024ರ ಜೂನಿನಲ್ಲಿ ಶೇ 200 ಆಯಿತು, ತಂತಿಯ ಕೆಳಗಿನ ಪಟ್ಟಿಗೆ ಶೇ 15 ಇದ್ದದ್ದು 30 ಆಯಿತು. ಆದರೆ ಮುಕ್ಕಾಲು ಪಾಲಿಗೂ ಹೆಚ್ಚು ನೆಲ ಅರಣ್ಯವೆಂದು ದಾಖಲಾಗಿರುವ ಜಿಲ್ಲೆ ನಮ್ಮದು. ತಲೆತಲಾಂತರದಿಂದ ಗೇಯ್ದ ಜಮೀನಿಗೆ ಪಟ್ಟಾ ಇಲ್ಲದ ಹಾಲಕ್ಕಿಗಳ, ಕುಣಬಿಗಳ ಮನೆಗಳು ಎಷ್ಟೋ ಇವೆ. ಪಟ್ಟಾ ಇಲ್ಲದವನಿಗೆ ಬೆಲೆಯ ಶೇಕಡಾವಾರು ಲೆಕ್ಕ ಹುಟ್ಟುವುದೇ ಇಲ್ಲ. ಅರಣ್ಯ ಹಕ್ಕು ಕಾಯ್ದೆಯಡಿ ಗ್ರಾಮಸಭೆಯ ಒಪ್ಪಿಗೆ ಅವರ ಒಂದೇ ಆಸರೆಯಾಗಿತ್ತು. 2013ರ ಫೆಬ್ರವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಒಂದು ಪತ್ರ ಬರೆದು, ರಸ್ತೆ, ಕಾಲುವೆ, ಕೊಳವೆ, ವಿದ್ಯುತ್ ಲೈನು ಇಂಥ ಉದ್ದುದ್ದ ಯೋಜನೆಗಳಿಗೆ ಆ ಒಪ್ಪಿಗೆಯಿಂದ ಬಹುಮಟ್ಟಿಗೆ ವಿನಾಯಿತಿ ಕೊಟ್ಟಿತು. ಒಂದು ಪತ್ರದಲ್ಲಿ ಅಷ್ಟು ಊರುಗಳ ಮಾತು ನಿಂತಿತು. ಇದು ಅನ್ಯಾಯ ಎಂದು ನಾನು ನಂಬಿದ್ದೇನೆ.

ಈಗ ದಾರಿಯ ಪ್ರಶ್ನೆಗೆ ಬರೋಣ. ಕಾಡಿನಲ್ಲಿ 110 ಕಿಲೋವೋಲ್ಟ್ ಲೈನಿಗೆ 22 ಮೀಟರ್ ಅಗಲದ ಪಟ್ಟಿ ಬೇಕು, 220ಕ್ಕೆ 35 ಮೀಟರ್, 400ಕ್ಕೆ 46. ಒಂದು ಕಿಲೋಮೀಟರ್ ಉದ್ದಕ್ಕೆ ಮೊದಲನೆಯದು ಸುಮಾರು ಐದೂವರೆ ಎಕರೆ, ಕೊನೆಯದು ಹನ್ನೊಂದಕ್ಕೂ ಹೆಚ್ಚು. ಎಕರೆಯ ಲೆಕ್ಕಕ್ಕಿಂತ ಪಟ್ಟಿಯ ಆಕಾರ ಹೆಚ್ಚು ಘಾಸಿ ಮಾಡುತ್ತದೆ. ಅಣಶಿಯ ಕಾಡಿನಲ್ಲಿ ಮರದಿಂದ ಮರಕ್ಕೆ ಕೈಹಾಕಿಕೊಂಡೇ ಹೋಗುವ ಕಾಡುಪಾಪ, ನೆಲಕ್ಕಿಳಿಯಲು ಹೆದರುವ ಹಾರುಬೆಕ್ಕು ಇವಕ್ಕೆ 46 ಮೀಟರಿನ ಬಯಲು ಒಂದು ದೊಡ್ಡ ನದಿ. ನೆರಳು ಹೋದಲ್ಲಿ ಯುಪಟೋರಿಯಂ ಕಳೆ ನುಗ್ಗುತ್ತದೆ, ಬೇಸಗೆಯಲ್ಲಿ ಒಣಗುತ್ತದೆ, ಬೆಂಕಿ ಒಳಕಾಡಿಗೆ ಹೋಗಲು ಅದೇ ದಾರಿಯಾಗುತ್ತದೆ.

ಈ ದಾರಿಯ ಪ್ರಶ್ನೆಯ ಮೇಲೆ ನಮ್ಮ ನೆರೆಯಲ್ಲೇ ನಡೆದ ದೊಡ್ಡ ವ್ಯಾಜ್ಯ ಗೋವಾ-ತಮ್ನಾರ್ ಲೈನಿನದು. ಧಾರವಾಡದ ನರೇಂದ್ರದಿಂದ ಗೋವಾದ ಶೆಲ್ಡೆಗೆ 400 ಕಿಲೋವೋಲ್ಟ್ ಲೈನು. ಹೋಗುವುದು ದಾಂಡೇಲಿ ಕಡೆಯ ಕಾಡಿನ ಮೇಲೆ. ಗೋವಾದ ಮೊಲ್ಲೆಂ ಕಾಡಿನಲ್ಲಿ ಯುವಕರು ದೊಡ್ಡ ಚಳವಳಿ ಮಾಡಿದರು. 2021ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟಿನ ಕೇಂದ್ರೀಯ ಉನ್ನತಾಧಿಕಾರ ಸಮಿತಿ ಒಂದು ಸರಳವಾದ ಮಾತು ಹೇಳಿತು: ಅಲ್ಲಿ ಹಳೆಯ ಲೈನುಗಳ ಪಟ್ಟಿ ಈಗಾಗಲೇ ಇದೆ, ಹೊಸದನ್ನು ಆ ದಾರಿಯಲ್ಲೇ ಹೊಂದಿಸಿಕೊಳ್ಳಿ, ಕಾಡಿನ ನಡುವೆ ಇನ್ನೊಂದು ಸೀಳು ಬೇಡ. 2022ರಲ್ಲಿ ಕೋರ್ಟು ಆ ದಿಕ್ಕಿನಲ್ಲೇ ನಡೆಯಿತು. ನಮ್ಮ ಕಡೆ ಸುಮಾರು 435 ಎಕರೆ ಅರಣ್ಯ ಹೋಗುತ್ತದೆಂದು ಕರ್ನಾಟಕ ಸರ್ಕಾರ 2024ರಲ್ಲಿ ಮೂಲ ಪ್ರಸ್ತಾವವನ್ನು ಒಪ್ಪಲಿಲ್ಲ. ಮಹದಾಯಿ ನೀರಿನ ಜಗಳವೂ ಅದರಲ್ಲಿ ಬೆರೆಯಿತು. ರಾಜಕೀಯ ಏನೇ ಇರಲಿ, ಆ ಸಮಿತಿಯ ಮಾತು ಗಟ್ಟಿಯಾದದ್ದು. ಹಳೆಯ ಪಟ್ಟಿಯಲ್ಲೇ ಟವರು ಬದಲಿಸಿ ಒಂದೇ ಟವರಿನ ಮೇಲೆ ಎರಡು ಮೂರು ಲೈನು ಹೊರಿಸಬಹುದು. ಕೆಲವೆಡೆ ಟವರು ಬದಲಿಸುವುದೂ ಬೇಡ: ಹೆಚ್ಚು ಬಿಸಿ ತಾಳಿಕೊಂಡೂ ಜೋತುಬೀಳದ ಹೊಸ ಬಗೆಯ ತಂತಿ ಈಗ ಬಂದಿದೆ, ಅದನ್ನು ಹಳೆಯ ಟವರಿನ ಮೇಲೇ ಎಳೆದರೆ ಸುಮಾರು ಎರಡು ಪಟ್ಟು ವಿದ್ಯುತ್ತು ಹಾಯಿಸಬಹುದು. ಕಾಡಿನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಈಚೆಗೆ ವಿದ್ಯುತ್ ಇಂಜಿನಿಯರಿಂಗಿನಿಂದ ಬಂದಿಲ್ಲ.

ಹಾಗಿದ್ದರೆ ಹಳೆಯ ದಾರಿಯಲ್ಲೇ ಕಟ್ಟಿ, ಪರಿಶೀಲನೆ ಬೇಡ ಎನ್ನಬಹುದಲ್ಲ? ಇಲ್ಲಿಯೇ ನನ್ನ ತಕರಾರು. ನಮ್ಮ ಹಳೆಯ ದಾರಿಗಳನ್ನು ಯಾರೂ ಎಂದೂ ಪರಿಶೀಲಿಸಿಲ್ಲ. ಪರಿಣಾಮ ಅಧ್ಯಯನ ಕಡ್ಡಾಯವಾದದ್ದು 1994ರಲ್ಲಿ, ವಿಚಾರಣೆ ಬಂದದ್ದು 1997ರಲ್ಲಿ, ಲೈನುಗಳು ಎರಡರ ಹೊರಗೂ ಉಳಿದವು. ಅಂದು ನಕ್ಷೆಯ ಮೇಲೆ ಗೆರೆ ಎಳೆದವರಿಗೆ ಎದುರಿದ್ದದ್ದು ದೂರ ಮತ್ತು ಖರ್ಚು, ಅಷ್ಟೆ. ಅದರ ಕೆಳಗೆ ಉಪ್ಪುನೀರಿನ ಗಜನಿ ಗದ್ದೆ ಇತ್ತೋ, ದೇವರಕಾಡು ಇತ್ತೋ, ಒರತೆ ಇತ್ತೋ ಎಂದು ಬರೆದಿಟ್ಟ ಕಾಗದವಿಲ್ಲ. 35 ವರ್ಷಕ್ಕೊಮ್ಮೆ ಬರುವ ಮರುನಿರ್ಮಾಣ, ಅಂದು ಕೇಳದೇ ಬಿಟ್ಟದ್ದನ್ನು ಕೇಳಲು ಸಿಗುವ ಒಂದೇ ಅವಕಾಶ. ಬಹುಪಾಲು ದಾರಿ ಇದ್ದಲ್ಲೇ ಇರಲಿ. ಎಲ್ಲಿ ಹತ್ತು ಟವರು ಸರಿಸಿದರೆ ಒಂದು ಇಳಿಜಾರು ಉಳಿಯುತ್ತದೋ ಅಲ್ಲಿ ಸರಿಸಲಿ. ಅದನ್ನು ರಿಪೇರಿ ಎಂದು ಕರೆದು ಮುಗಿಸಿದರೆ ಮುಂದಿನ ಅವಕಾಶ ನಮ್ಮ ಮೊಮ್ಮಕ್ಕಳಿಗೆ.

ನಾನು ಇಳಿಜಾರು ಎಂದೆ. 2024ರ ಜುಲೈ 16ರ ಬೆಳಿಗ್ಗೆ ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿಯನ್ನೂ ಗಂಗಾವಳಿಯನ್ನೂ ತುಂಬಿದ್ದನ್ನು ಈ ಸಭೆಗೆ ನಾನು ವಿವರಿಸಬೇಕಾಗಿಲ್ಲ. ಚಾ ಅಂಗಡಿಯ ಮನೆಮಂದಿ ಹೋದರು. ಮಣ್ಣು ನದಿಗೆ ಅಪ್ಪಳಿಸಿದಾಗ ಎದ್ದ ಅಲೆ ಆಚೆ ದಡದ ಉಳುವರೆಯ ಮನೆಗಳನ್ನು ಕೆಡವಿತು. ಗ್ಯಾಸ್ ಟ್ಯಾಂಕರು ನೀರಿನಲ್ಲಿ ತೇಲಿಹೋಗಿ ಸಗಡಗೇರಿಯ ಕಡೆ ನಿಂತಿತು. ಅದರ ಅನಿಲ ಖಾಲಿ ಮಾಡುವವರೆಗೆ ಸುತ್ತಲಿನವರು ಮನೆ ಬಿಟ್ಟಿರಬೇಕಾಯಿತು. ಕೊಚ್ಚಿಹೋದ ಲಾರಿಯೊಂದನ್ನು ನದಿಯೊಳಗೆ ಹುಡುಕಲು ಉಪಕರಣ ಇಳಿಸಿದಾಗ ಸಿಕ್ಕ ಲೋಹದ ಸುಳಿವುಗಳಲ್ಲಿ ವಿದ್ಯುತ್ ಟವರಿನದೂ ಒಂದೆಂದು ತಜ್ಞರ ತಂಡ ಗುರುತಿಸಿತ್ತು. ಆ ಲೈನು ಎಳೆದ ಕಾಲದಲ್ಲಿ ಆ ಗುಡ್ಡದ ಬುಡ ಗಟ್ಟಿಯಾಗಿತ್ತು. ಆಮೇಲೆ ಹೆದ್ದಾರಿ ಅಗಲವಾಯಿತು, ಗುಡ್ಡದ ಕಾಲು ಕಡಿದರು. ಲೈನು ಇದ್ದಲ್ಲೇ ಇದ್ದರೂ ಅದರ ಕಾಲ ಕೆಳಗಿನ ನೆಲ ಬದಲಾಯಿತು. ಹಳೆಯ ದಾರಿ ಸುರಕ್ಷಿತ ಎಂಬ ನಂಬಿಕೆಗೆ ನಮ್ಮ ಜಿಲ್ಲೆಯಲ್ಲಿ ಆಧಾರವಿಲ್ಲ. 2009ರ ಅಕ್ಟೋಬರಿನಲ್ಲಿ ಕಡವಾಡದ ಝರಿವಾಡದಲ್ಲಿ, 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಕುಸಿಯಿತು. ಜಂಬಿಟ್ಟಿಗೆಯ ಹೊದಿಕೆಯ ಕೆಳಗೆ ಮೆತ್ತನೆಯ ಜೇಡಿ ಇರುವ ಗುಡ್ಡಗಳು ಇವು. ಮೇಲಿನಿಂದ ಇಳಿದ ನೀರು ಆ ಜೇಡಿಯಲ್ಲಿ ಕೂತರೆ ಇಡೀ ಮೈ ಜಾರುತ್ತದೆ.

ಟವರಿಗಿಂತ ಹೆಚ್ಚು ಕೆಡುಕು ಮಾಡುವುದು ಟವರಿಗೆ ಹೋಗುವ ರಸ್ತೆ. ಲೈನಿನ ನಕ್ಷೆಯಲ್ಲಿ ಅದು ಕಾಣುವುದೇ ಇಲ್ಲ. ಉಕ್ಕು, ಸಿಮೆಂಟು, ಮರಳು ಹೊತ್ತ ವಾಹನ ಹತ್ತಲು ಗುಡ್ಡದ ಮಗ್ಗುಲಲ್ಲಿ ಜೆಸಿಬಿ ಒಂದು ಗೀರು ಹಾಕುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಮುಚ್ಚುವವರಿಲ್ಲ, ಚರಂಡಿ ಮಾಡುವವರಿಲ್ಲ. ಮೊದಲ ಮಳೆಗೆ ನೀರು ಅದರಲ್ಲಿ ಇಳಿದು ತನ್ನ ದಾರಿ ಮಾಡಿಕೊಳ್ಳುತ್ತದೆ. ಹಿಂದೆ ಸಾಮಾನು ಸಾಗಿಸಿದ್ದು ತಲೆಹೊರೆಯಲ್ಲಿ; ಹಾಗಾಗಿ ಹಳೆಯ ಟವರುಗಳಿಗೆ ಕಾಲುದಾರಿ ಮಾತ್ರ ಇದೆ. ಈಗಿನ ಮರುನಿರ್ಮಾಣಕ್ಕೆ ಯಂತ್ರ ಬರುತ್ತದೆ. ಆದ್ದರಿಂದ ಪರಿಶೀಲನೆಯ ಮೊದಲ ಪ್ರಶ್ನೆ ಲೈನು ಎಲ್ಲಿ ಹೋಗುತ್ತದೆ ಎಂಬುದಲ್ಲ, ಯಂತ್ರ ಎಲ್ಲಿಂದ ಹತ್ತುತ್ತದೆ ಎಂಬುದು. ಕಡಿದಾದಲ್ಲಿ ಬಿಡಿಭಾಗಗಳನ್ನು ಹಗ್ಗದ ಮೇಲೆ ಸಾಗಿಸಿ ಟವರು ಕಟ್ಟುವ ರೂಢಿ ಬೆಟ್ಟದ ನಾಡುಗಳಲ್ಲಿದೆ. ಖರ್ಚು ಹೆಚ್ಚು. ಶಿರೂರಿನ ಖರ್ಚಿಗಿಂತ ಹೆಚ್ಚಲ್ಲ.

ಪರಿಶೀಲನೆಯನ್ನು ತುಂಡು ತುಂಡಾಗಿ ಮಾಡುವುದು ಇನ್ನೊಂದು ದೋಷ. ಕೈಗಾದ 3 ಮತ್ತು 4ನೇ ಘಟಕಗಳ ಪ್ರಸರಣ ವ್ಯವಸ್ಥೆ ಎಂದು ಮಂಜೂರಾದ ಕೆಲಸದಲ್ಲಿ ಏನೇನಿತ್ತು ಗೊತ್ತೇ? ಕೈಗಾದಿಂದ ನರೇಂದ್ರಕ್ಕೆ ಲೈನು ಇತ್ತು, ಸರಿ. ಅದರ ಜೊತೆಗೆ ಮೈಸೂರಿನಿಂದ ಕೊಡಗಿನ ಮೂಲಕ ಕೋಯಿಕ್ಕೋಡಿಗೆ ಹೋಗುವ 400 ಕಿಲೋವೋಲ್ಟ್ ಲೈನೂ ಇತ್ತು. ಕೊಡಗಿನವರು ವರ್ಷಗಟ್ಟಲೆ ಪ್ರತಿಭಟಿಸಿದರು. ಕೊನೆಗೆ ಸಾವಿರಾರು ಮರ ಬಿದ್ದವು. ಕಾರವಾರ ತಾಲೂಕಿನ ಸ್ಥಾವರದ ಹೆಸರಿನಲ್ಲಿ ಕಾವೇರಿಯ ತವರಿನಲ್ಲಿ ಮರ ಬಿದ್ದದ್ದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಸ್ಥಾವರದ ಪರಿಶೀಲನೆ ಬೇಲಿಯೊಳಗೆ ಮುಗಿಯಿತು, ಲೈನಿನದು ಆಯಾ ಅರಣ್ಯ ವಿಭಾಗದ ಕಡತದಲ್ಲಿ ಮುಗಿಯಿತು. ಇಡೀ ಚಿತ್ರ ಯಾರ ಮೇಜಿನ ಮೇಲೂ ಬರಲಿಲ್ಲ. 5 ಮತ್ತು 6ನೇ ಘಟಕಗಳು ತಲಾ 700 ಮೆಗಾವ್ಯಾಟಿನವು. ಆ 1,400 ಮೆಗಾವ್ಯಾಟ್ ಹೊರಗೆ ಹೋಗಲು ಯಾವ ಹಳೆಯ ಲೈನು ಬಲವಾಗಬೇಕು, ಯಾವುದು ಹೊಸದಾಗಿ ಬೇಕು ಎಂಬುದನ್ನು ಸ್ಥಾವರದ ಕಾಂಕ್ರೀಟಿನ ಜೊತೆಗೇ ಊರಿನ ಮುಂದೆ ಇಡಬೇಕು. ಕೈಗಾದ ಮೊದಲ ಘಟಕ 2018ರ ಡಿಸೆಂಬರ್ 31ಕ್ಕೆ ನಿಲ್ಲುವವರೆಗೆ 962 ದಿನ ಬಿಡದೆ ಓಡಿ ಆಗಿನ ವಿಶ್ವದಾಖಲೆ ಮಾಡಿತು. ಅಷ್ಟು ದಿನ ಆ ವಿದ್ಯುತ್ತನ್ನು ಮಳೆ ಗಾಳಿಯಲ್ಲಿ ಹೊತ್ತದ್ದು ಈ ಟವರುಗಳೇ. ಸ್ಥಾವರವನ್ನೂ ಲೈನನ್ನೂ ಒಂದೇ ದೇಹವೆಂದು ನೋಡಲು ಇದಕ್ಕಿಂತ ಬೇರೆ ಕಾರಣ ಬೇಕೇ?

ಇಷ್ಟೆಲ್ಲ ಪರಿಶೀಲನೆ ನಮ್ಮಂಥವರ ಕೈಲಾಗುತ್ತದೆಯೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಈ ಜಿಲ್ಲೆ ಅದನ್ನು ದೇಶಕ್ಕೇ ಮಾಡಿ ತೋರಿಸಿದೆ. ಗಂಗಾವಳಿಯೇ ಮೇಲೆ ಬೇಡ್ತಿ. ಬೇಡ್ತಿಗೆ ಜಲವಿದ್ಯುತ್ ಯೋಜನೆ ಬಂದಾಗ, 1981ರ ಜನವರಿಯಲ್ಲಿ ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ ಒಂದು ವಿಚಾರ ಸಂಕಿರಣ ಕರೆಯಿತು. ಅಡಿಕೆ ಮಾರುವ ಸಹಕಾರಿ ಸಂಘ ಅದು. ಮಾಧವ ಗಾಡ್ಗೀಳರಂಥ ವಿಜ್ಞಾನಿಗಳನ್ನು, ಅರ್ಥಶಾಸ್ತ್ರ ಬಲ್ಲವರನ್ನು, ಇಂಜಿನಿಯರುಗಳನ್ನು ಕೂರಿಸಿ, ಮುಳುಗುವ ಕಾಡು ಮತ್ತು ತೋಟದ ಬೆಲೆಯನ್ನು ಸರ್ಕಾರದ ಲೆಕ್ಕದ ಪಕ್ಕದಲ್ಲಿಟ್ಟು ಕೂಡಿಸಿ ನೋಡಿತು. ಯೋಜನೆ ನಿಂತಿತು. ಆಗ ಪರಿಣಾಮ ಅಧ್ಯಯನದ ಅಧಿಸೂಚನೆಯೇ ದೇಶದಲ್ಲಿ ಇರಲಿಲ್ಲ. ಅದು ಬಂದದ್ದು 13 ವರ್ಷದ ನಂತರ. ಶಿವರಾಮ ಕಾರಂತರು 1989ರಲ್ಲಿ ಇಲ್ಲಿಂದಲೇ ಲೋಕಸಭೆಗೆ ನಿಂತದ್ದು ಕೈಗಾದ ಮತ್ತು ಪರಿಸರದ ಪ್ರಶ್ನೆ ಹಿಡಿದು. ಗೆಲ್ಲಲಿಲ್ಲ, ಪ್ರಶ್ನೆ ಉಳಿಯಿತು. ತದಡಿಯಲ್ಲಿ 4,000 ಮೆಗಾವ್ಯಾಟಿನ ಉಷ್ಣಸ್ಥಾವರದ ಮಾತು ಬಂದಾಗ ಅಘನಾಶಿನಿಯ ಚಿಪ್ಪಿ, ಸಿಗಡಿ, ಕಗ್ಗ ಭತ್ತದ ಮೌಲ್ಯವನ್ನು ವಿಜ್ಞಾನಿಗಳು ಮೀನುಗಾರರ ಜೊತೆ ಕೂತು ಲೆಕ್ಕ ಹಾಕಿದರು. ಹಣಕೋಣದ ಕಲ್ಲಿದ್ದಲು ಸ್ಥಾವರದ ವಿರುದ್ಧ ಕಾಳಿಯ ದಡದವರು ಬೀದಿಗಿಳಿದರು. ಎರಡೂ ಬರಲಿಲ್ಲ. ಬೇಡ ಎನ್ನುವ ಶಕ್ತಿ ನಮಗಿದೆ. ಹೇಗೆ ಕಟ್ಟಬೇಕು ಎಂದು ಹೇಳುವ ಶಕ್ತಿಯನ್ನೂ ಈಗ ಬೆಳೆಸಿಕೊಳ್ಳಬೇಕು. ಅದು ಹೆಚ್ಚು ಕಷ್ಟದ್ದು, ಹೆಚ್ಚು ತಾಳ್ಮೆ ಬೇಡುವಂಥದ್ದು.

ಕಿತ್ತ ಹಳೆಯ ಸಾಮಾನಿನ ಬಗ್ಗೆಯೂ ಹೇಳಬೇಕು, ಯಾಕೆಂದರೆ ಅದನ್ನು ಯಾರೂ ಪರಿಸರದ ಪ್ರಶ್ನೆ ಎಂದು ಎಣಿಸುವುದಿಲ್ಲ. ಸಬ್‌ಸ್ಟೇಷನ್ನುಗಳ ಹಳೆಯ ಟ್ರಾನ್ಸ್‌ಫಾರ್ಮರುಗಳ ಎಣ್ಣೆಯಲ್ಲಿ ಪಿಸಿಬಿ ಎಂಬ ವಿಷ ಇರಬಹುದು. ಸುಲಭಕ್ಕೆ ಕೊಳೆಯದ, ಮೀನಿನ ಕೊಬ್ಬಿನಲ್ಲಿ ಸೇರಿ ನಮ್ಮ ತಟ್ಟೆಗೆ ಬರುವ ರಾಸಾಯನಿಕ ಅದು. 2016ರ ಕೇಂದ್ರ ಆದೇಶ ಅದರ ತಯಾರಿಕೆ ಮತ್ತು ಆಮದನ್ನು ನಿಷೇಧಿಸಿತು. ಅದಿರುವ ಉಪಕರಣಗಳ ಬಳಕೆಗೆ 2025ರ ಡಿಸೆಂಬರ್ 31ರ ಗಡುವು ಹಾಕಿತು. ಈ ಕೆಲಸದಲ್ಲಿ ದೇಶಕ್ಕೆ ದಾರಿ ತೋರಿಸಲು ನೇಮಕವಾದದ್ದು ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ, ನಮ್ಮ ರಾಜ್ಯದ ನೆಲದಲ್ಲೇ ಇರುವ ಸಂಸ್ಥೆ. ಹಳೆಯ ಟ್ರಾನ್ಸ್‌ಫಾರ್ಮರನ್ನು ಗುಜರಿಗೆ ಹಾಕುವ ಮೊದಲು ಅದರ ಎಣ್ಣೆ ಪರೀಕ್ಷೆಯಾಯಿತೇ, ಆ ಚೀಟಿ ಎಲ್ಲಿದೆ ಎಂದು ಕಾರವಾರದ ನಗರಸಭೆ ಕೇಳಬಹುದು, ಅಂಕೋಲೆಯ ಪುರಸಭೆ ಕೇಳಬಹುದು. ಎಣ್ಣೆ ಸೋರಿದ ಮಣ್ಣು ಮಳೆಗೆ ತೊಳೆದು ಹೋಗುವುದು ಅಳಿವೆಗೆ. ಚಿಪ್ಪಿ ಆರಿಸುವ ಹೆಂಗಸರು ಕೈಹಾಕುವುದು ಅದೇ ಕೆಸರಿಗೆ. ಹೊಸ ಸ್ವಿಚ್‌ಗೇರಿನಲ್ಲಿ ತುಂಬುವ ಎಸ್‌ಎಫ್6 ಅನಿಲದ ಪ್ರತಿ ಕಿಲೋ ಭೂಮಿಯನ್ನು ಬಿಸಿ ಮಾಡುವ ಬಲದಲ್ಲಿ ಇಂಗಾಲದ ಡೈಆಕ್ಸೈಡಿನ 20 ಸಾವಿರಕ್ಕೂ ಹೆಚ್ಚು ಪಟ್ಟು. ಸೋರದಂತೆ ನೋಡಿಕೊಳ್ಳುವ ಲೆಕ್ಕವೂ ಬೇಕು. ಗದ್ದೆಯ ನಡುವೆ ಹಳೆಯ ಟವರು ಕತ್ತರಿಸಿ ಒಯ್ದ ಮೇಲೆ ಉಳಿಯುವ ಕಾಂಕ್ರೀಟಿನ ಬುಡವನ್ನು ನೇಗಿಲಿಗೆ ತಾಗದಷ್ಟು ಆಳಕ್ಕೆ ತೆಗೆಯಬೇಕೆಂದು ಗುತ್ತಿಗೆಯಲ್ಲೇ ಬರೆಸಬೇಕು.

ಕಡಿದ ಮರಕ್ಕೆ ಬದಲು ಮರ ಎಂಬ ಮಾತು ಪ್ರತಿ ಕಡತದಲ್ಲೂ ಇರುತ್ತದೆ. ಅಂಕೋಲೆಯಲ್ಲಿ ನಿಂತು ಇದನ್ನು ಹೇಳುವಾಗ ಹೊನ್ನಳ್ಳಿಯ ತುಳಸಿ ಗೌಡರನ್ನು ನೆನೆಯದೆ ಮುಂದೆ ಹೋಗಲಾರೆ. ಅಗಸೂರಿನ ನರ್ಸರಿಯಲ್ಲಿ ದಶಕಗಟ್ಟಲೆ ದುಡಿದ ಆ ತಾಯಿ 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಯಾವ ಜಾತಿಯ ತಾಯಿಮರ ಕಾಡಿನ ಯಾವ ಮೂಲೆಯಲ್ಲಿದೆ, ಅದರ ಬೀಜವನ್ನು ಯಾವ ವಾರ ಆರಿಸಬೇಕು ಎಂಬುದು ಅವರ ತಲೆಯಲ್ಲಿತ್ತು. ಲೈನಿನ ಪಟ್ಟಿಯಲ್ಲಿ ಬೀಳುವ ಮರಗಳನ್ನು ಇಲಾಖೆ ಸುತ್ತಳತೆಯಲ್ಲಿ ಎಣಿಸುತ್ತದೆ. ಅವುಗಳಲ್ಲಿ ತಾಯಿಮರ ಯಾವುದು ಎಂಬ ಕಾಲಮು ಆ ನಮೂನೆಯಲ್ಲಿ ಇಲ್ಲ. ಅದನ್ನು ಸೇರಿಸುವುದಕ್ಕೆ ಕಾನೂನು ತಿದ್ದುಪಡಿ ಬೇಕಾಗಿಲ್ಲ. ಹಾಲಕ್ಕಿ ಕೇರಿಯಿಂದ ಬೀಜ ಬಲ್ಲ ಇಬ್ಬರು ಹೆಂಗಸರನ್ನು ಎಣಿಕೆಯ ದಿನ ಕೂಲಿ ಕೊಟ್ಟು ಕರೆದುಕೊಂಡು ಹೋದರೆ ಸಾಕು. ತಂತಿ ಎಳೆಯುವಾಗ ಪ್ರತಿ ತಂತಿಯ ಕೆಳಗೆ 3 ಮೀಟರ್ ಪಟ್ಟಿ ಮಾತ್ರ ತೆರವು ಮಾಡಿ, ಉಳಿದಲ್ಲಿ ತಂತಿಗೆ ತಾಗುವ ಕೊಂಬೆಗಳನ್ನಷ್ಟೇ ಸವರಿ, ಕೆಲಸ ಮುಗಿದ ಮೇಲೆ ಕಾಡು ಮರಳಲು ಬಿಡಬೇಕೆಂದು ಅರಣ್ಯ ಸಚಿವಾಲಯದ ಮಾರ್ಗಸೂಚಿ ಹೇಳುತ್ತದೆ. ಆದರೂ ಎಷ್ಟೋ ಕಡೆ ಅಂಚಿನಿಂದ ಅಂಚಿಗೆ ಬೋಳಾಗಿಸುತ್ತಾರೆ. ಊರವರಿಗೆ ಆ ನಿಯಮ ಕನ್ನಡದಲ್ಲಿ ಗೊತ್ತಿದ್ದರೆ ಕೊಡಲಿ ಅರ್ಧದಲ್ಲಿ ನಿಲ್ಲುತ್ತದೆ.

ಕಾನೂನು ವಿಚಾರಣೆ ಕೊಡದಿದ್ದರೂ ಪಂಚಾಯತಿ ಕೇಳಬಹುದು. ಗೂಟ ನೆಡುವ ಮೊದಲೇ, ಸರ್ವೆ ನಂಬರು ಸಮೇತ ದಾರಿಯ ನಕ್ಷೆ ಕನ್ನಡದಲ್ಲಿ ಪಂಚಾಯತಿಯ ಗೋಡೆಯ ಮೇಲೆ ಬರಬೇಕು; ಅದರಲ್ಲಿ ಯಂತ್ರ ಹೋಗುವ ರಸ್ತೆಯ ಗೆರೆಯೂ ಇರಬೇಕು. ಇದೇ ದಾರಿಯಲ್ಲಿ ಹೊಸ ಬಗೆಯ ತಂತಿ ಎಳೆದರೆ ಸಾಲದೇ, ಟವರು ಯಾಕೆ ಎಂಬುದಕ್ಕೆ ಬರಹದ ಉತ್ತರ ಇರಬೇಕು. ಮತ್ತು ಆ ದಾರಿಯನ್ನು ಇಂಜಿನಿಯರು, ಭೂವಿಜ್ಞಾನಿ, ಅರಣ್ಯ ಸಿಬ್ಬಂದಿ, ಊರಿನ ನಾಲ್ಕು ಜನ ಸೇರಿ ಒಮ್ಮೆ ಆಷಾಢದಲ್ಲಿ ನಡೆದು ನೋಡಬೇಕು. ನದಿ ಕಣಿವೆಯ ಯೋಜನೆಗಳನ್ನು ಬಿಟ್ಟರೆ ನಮ್ಮ ಪರಿಣಾಮ ಅಧ್ಯಯನಗಳ ಮಾಹಿತಿ ಸಂಗ್ರಹ ಬಹುತೇಕ ಮಳೆಗಾಲ ಬಿಟ್ಟು ಒಂದು ಋತುವಿನಲ್ಲಿ ಮುಗಿಯುತ್ತದೆ. ಮಾರ್ಚಿನಲ್ಲಿ ಇಲ್ಲಿನ ಪ್ರತಿ ಗುಡ್ಡವೂ ಗಟ್ಟಿಯಾಗಿಯೇ ಕಾಣುತ್ತದೆ. ಎಲ್ಲಿ ಒರತೆ ಒಡೆಯುತ್ತದೆ, ಯಾವ ಮಗ್ಗುಲು ಉಬ್ಬುತ್ತದೆ, ಯಾವ ಗಜನಿಯಲ್ಲಿ ಎದೆಮಟ್ಟ ನೀರು ನಿಲ್ಲುತ್ತದೆ ಎಂಬುದು ತಿಳಿಯುವುದು ಜುಲೈನಲ್ಲಿ, ತಿಳಿದಿರುವುದು ಅಲ್ಲಿ ಗದ್ದೆ ಮಾಡುವವರಿಗೆ. ನಮ್ಮ ಕಾಲೇಜುಗಳ ಭೂಗೋಳ ಮತ್ತು ಸಸ್ಯಶಾಸ್ತ್ರ ವಿಭಾಗದ ಮಕ್ಕಳು ಬರುವ ಮಳೆಗಾಲದಲ್ಲಿ ಒಂದು ಹಳೆಯ ಲೈನನ್ನು, ಟವರಿನಿಂದ ಟವರಿಗೆ, ಊರಿನವರ ಜೊತೆ ನಡೆದು ಬರೆದಿಡಲಿ. ಲೈನಿನಿಂದ ಎಷ್ಟು ದೂರ ನಿಲ್ಲಬೇಕೆಂಬುದನ್ನು ಲೈನ್‌ಮನ್ ಒಬ್ಬರಿಂದ ಮೊದಲೇ ಕೇಳಿಕೊಂಡು ಹೋಗಲಿ. ಆ ಬರಹ ಪಂಚಾಯತಿಯ ಕಪಾಟಿನಲ್ಲಿದ್ದರೆ, ಮರುನಿರ್ಮಾಣದ ಕಾಗದ ಬಂದ ದಿನ ಊರು ಬರಿಗೈಯಲ್ಲಿ ಕೂರಬೇಕಾಗುವುದಿಲ್ಲ.